ಛಾಟ್

ಸಾವಿರ ಬೀಡಿ ಕಟ್ಟಿದ್ರ ಐವತ್ತು ಛಾಟ್.
ಹದಿನೇಳು ವರ್ಷದಿಂದ ಇದೇ ಲೆಕ್ಕ.
ಈರೇಶ ಮಾಳಗಿ ಕಟ್ಟು ಕೈಯಾಗ ತಗೋತಾನ,
ಹೆಬ್ಬಟ್ಟಿಲೆ ಒತ್ತತಾನ,
ಸಡ್ಲ ಅದ ಅಂತಾನ, ಬುಟ್ಟಿಗಿ ಒಗಿತಾನ.
ಮುರದು ಒಗಿಯಂಗಿಲ್ಲ, ನೋಡ್ರಿ. ಬರೇ ಒಗಿತಾನ.
ಸಂಜೀಕ ಆ ಬುಟ್ಟಿ ಎಲ್ಲಿಗಿ ಹೋಗ್ತದ ಅಂತ
ಅಕ್ಕಲಕೋಟದ ನಾಯಿಗೂ ಗೊತ್ತದ.

ಈ ಸಲ ವರ್ಷಾವಾಸಕ್ಕ ಭಂತೆ ಬಂದ್ರು, ಉದಗೀರ ಕಡೇವ್ರು.
ನಮ್ಮ ವಿಹಾರಂದ್ರ ನಾಕು ಗ್ವಾಡಿ, ಮ್ಯಾಲ ಪತ್ರಾ.
ಮಳಿ ಬಂದ್ರ ಅವರ ಮರಾಠಿ ಕೇಳಸಂಗಿಲ್ಲ,
ನಿಂತ್ರ ನಂಗ ತಿಳ್ಯಂಗಿಲ್ಲ.
ಊಟದ ಪಾಳಿ ನಂದು ಬುಧವಾರ:
ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಲೆ.
ಎಲ್ಲಾರ ಪಲ್ಲೆ ಒಂದೇ ಪಾತ್ರ್ಯಾಗ ಕಲಸಿ ಉಣ್ತಾರ,
ಯಾರ ಉಪ್ಪು ಯಾರದು, ಕೇಳವರಿಲ್ಲ.

ಅವರ ಒಂದು ಮಾತು ಪೂರಾ ಕನ್ನಡಕ್ಕ ತಿರುವಿ ಮನೀಗಿ ತಂದೆ:
ದಾನಂದ್ರ ಕೈ ಸಡ್ಲ ಬಿಡೂದು.

ಕೈ ನೋಡ್ಕೊಂಡೆ.
ಎಂಟು ವರ್ಷದಾಕಿ ಇದ್ದಾಗ
ಅವ್ವ ಈ ಬೆರಳಿಗಿ ಕಲಿಸಿದ್ದು ಒಂದೇ:
ಬಿಗಿ ಹಿಡಿ, ಶೇವಂತಾ, ಬಿಗಿ ಹಿಡಿ,
ಸಡ್ಲಾದ್ರ ರೊಟ್ಟಿ ಹೋಗ್ತದ.

ಸಂಜಿ ಬೈಠಕ್ಕಿನ್ಯಾಗ ಕಣ್ಣು ಮುಚ್ಚಿ ಕೂಡೂದು.
ಮೊದಲ ನಿನಗ ನೀನೇ ಸುಖ ಬಯಸು, ಅಂದ್ರು.
ನಂಗ ನಗಿ ಬಂತು. ಹಿಂಗ ಯಾರೂ ಹೇಳಿದ್ದಿಲ್ಲ.
ಆಮ್ಯಾಲ ನಿನ್ನವರಿಗಿ:
ಮಗಳು ಧಮ್ಮಶೀಲಾ, ಸತ್ತ ಅವ್ವ, ಅವ್ವನ ಆಡು.
ಆಮ್ಯಾಲ ಗುರ್ತಿಲ್ಲದವರಿಗಿ:
ಸ್ಟ್ಯಾಂಡಿನ್ಯಾಗ ಗಾಣಗಾಪುರದ ಬಸ್ಸಿಗಿ ಓಡೂ ಮಂದಿ.
ಕಡೀಕ ವೈರಿಗಿ.

ವೈರಿ ಅಂದ್ಕೂಡ್ಲೇ ಹೆಬ್ಬಟ್ಟು ಬಂತು.
ಮುಖ ಅಲ್ಲ. ಬರೇ ಹೆಬ್ಬಟ್ಟು,
ಉಗುರಿನ ಸಂದ್ಯಾಗ ತಂಬಾಕ.
ಎದ್ದು ಹೊರಗ ಬಂದು ಚಪ್ಲಿ ಹುಡುಕಿದೆ.
ಭಂತೆ ಏನೂ ಅನ್ಲಿಲ್ಲ.
ನಾಳಿ ಬಾ ಅಂತನೂ ಅನ್ಲಿಲ್ಲ.

ನಮ್ಮಲ್ಲಿ ನಳ ಐದು ದಿನಕ್ಕೊಮ್ಮಿ, ರಾತ್ರಿ ಎರಡಕ್ಕ.
ಊರ ಹೊಲಸೆಲ್ಲ ಇತ್ತಾಗೇ ಹರೀಲಿ ಅಂತ
ಹಿಂದಿನವರು ನಮ್ಮನ್ನ ತೆಗ್ಗಿನ್ಯಾಗ ಇಟ್ಟಿದ್ರು.
ಈಗ ನೀರೂ ಇತ್ತಾಗೇ ಹರೀತದ.
ಏರಿ ಮ್ಯಾಲಿನ ನಳ ಸುಂಯ್ ಅಂತಾವ, ಅಷ್ಟೇ.

ಶ್ರಾವಣದಾಗ ಒಂದಿನ
ಕೊಡ ತುಂಬಸ್ಲಿಕತ್ತಿದ್ದೆ, ಎದುರಿಗಿ ಈರೇಶ.
ಕೈಯಾಗ ಎರಡು ಪೇಂಟಿನ ಡಬ್ಬಿ.
ಮಗಳು ಹಡದಾಳ, ಮನ್ಯಾಗ ಹನಿ ನೀರಿಲ್ಲ, ಅಂದ.
ನನ್ನ ಹೆಸರು ಅವನಿಗಿ ಗೊತ್ತಿಲ್ಲ.
ಕಾರ್ಡಿನ ನಂಬರ್ ಹಿಡದು ಕರದ: ನೂರಾ ಹನ್ನೆರಡು.

ಅವರ ಬಾವಿ ಕಟ್ಟಿಗಿ ದೂರ ನಿಂತು
ನಮ್ಮವ್ವ ಬೊಗಸಿ ಒಡ್ಡಿದ್ದು ನಾ ಮರ್ತಿಲ್ಲ.
ಮ್ಯಾಲಿಂದ ಸುರೀತಿದ್ರು.
ಅರ್ಧಾ ಮೊಣಕೈಗುಂಟ ಸೋರಿ ಹೋಗ್ತಿತ್ತು.

ಅದನ್ನ ನೆನಸ್ಕೋತನೇ
ಪೈಪು ಅವನ ಡಬ್ಬಿಗಿ ಹಾಕಿದೆ.
ಮೈತ್ರಿ ಅಲ್ಲ ಅದು, ಸುಳ್ಳ್ಯಾಕ ಹೇಳ್ಲಿ.
ಸಿಟ್ಟು ಇದ್ದಲ್ಲೇ ಇತ್ತು,
ನೀರು ತನ್ನ ಪಾಡಿಗಿ ತಾ ಹೋತು.
ಡಬ್ಬಿ ಎರಡೂ ತುಂಬಿದ್ವು, ತುಂಬಿ ಚೆಲ್ಲಿದ್ವು.
ಸಾಕು ಅಂತ ಅವ ಅನ್ಲಿಲ್ಲ.
ನಾನೂ ಪೈಪು ತೆಗೀಲಿಲ್ಲ.
ಇಬ್ಬರ ಕಾಲೂ ತೊಯ್ದವು.

ಮುಂಜಾನಿ ಕಾರ್ಖಾನ್ಯಾಗ ಅದೇ ಸಾಲು.
ಸಡ್ಲ ಅದ, ಅಂದ. ಒಗದ.
ಸಡ್ಲ ಅದ, ಅಂದ. ಒಗದ.
ಮಾರಿ ಎತ್ತಿ ನೋಡ್ಲಿಲ್ಲ.
ನಾ ಬಾಯೊಳಗೇ ಎಣಸ್ತಾ ನಿಂತೆ.
ನಲವತ್ತಾರಕ್ಕ ನಿಂತ.

ಆ ನಾಕು ಬೀಡಿ
ಕರುಣಾನೋ, ಲೆಕ್ಕ ತಪ್ಪಿದ್ದೋ,
ಬಾಣಂತಿ ಮನಿಯ ನಿದ್ದಿಗೆಟ್ಟ ಕಣ್ಣೋ,
ನಂಗ ಇನ್ನೂ ತಿಳಿದಿಲ್ಲ.

ಸಂಜೀಕ ವಿಹಾರಕ್ಕ ಹೋದೆ. ಕಣ್ಣು ಮುಚ್ಚಿದೆ.
ಹೆಬ್ಬಟ್ಟು ಬಂತು.
ಈ ಸಲ ತೊಯ್ದಿತ್ತು.
ಅದು ಆರೂ ತನಕ ಕೂತೆ.